ಸಂದರ್ಶನದಲ್ಲಿ ಉತ್ತರಗಳ ತೂಕ

ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ಪ್ರದೇಶದ ಸಣ್ಣ ಗೇರುಬೀಜ ಘಟಕ, ಅಕ್ಕಿ ಗಿರಣಿ, ಅಡಿಕೆ ಮಂಡಿ ಹಾಗೂ ಹಾರ್ಡ್‌ವೇರ್ ಮಳಿಗೆಗಳಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವರು ಸಾಮಾನ್ಯವಾಗಿ ಒಬ್ಬರು ಅಥವಾ ಇಬ್ಬರು. ದೊಡ್ಡ ಕಂಪೆನಿಯಲ್ಲಿ ಒಬ್ಬ ನೌಕರನ ಆಯ್ಕೆ ತಪ್ಪಿದರೆ ಉಳಿದವರು ಸರಿದೂಗಿಸುತ್ತಾರೆ. ಸಣ್ಣ ಉದ್ದಿಮೆಯಲ್ಲಿ ಬಾಕಿ ವಸೂಲಿಯ ವಿಳಂಬ, ತಪ್ಪು ರಿಟರ್ನ್, ಬಡ್ಡಿ, ದಂಡ ಎಲ್ಲವೂ ಮಾಲೀಕರ ತಲೆಗೇ ಬರುತ್ತವೆ. ಹೀಗಿದ್ದರೂ ಅನೇಕ ಕಡೆ ಸಂದರ್ಶನವು ಊರು, ಮನೆ, ಪರಿಚಯಸ್ಥರ ವಿಚಾರಣೆಯಲ್ಲೇ ಮುಗಿದುಹೋಗುತ್ತದೆ.

ಮೂಡುಬಿದಿರೆಯ 'ಆಳ್ವಾಸ್ ಪ್ರಗತಿ'ಯಂತಹ ಉದ್ಯೋಗ ಮೇಳಗಳ ಕಾಲದಲ್ಲಿ ಅಭ್ಯರ್ಥಿಗಳು ಸಾಮಾನ್ಯ ಪ್ರಶ್ನೆಗಳಿಗೆ ಮೊದಲೇ ಸಿದ್ಧರಾಗಿ ಬರುತ್ತಾರೆ. ಸಿದ್ಧತೆ ದೋಷವಲ್ಲ, ಗುಣ. ಆದರೆ ಬಾಯಿಪಾಠದ ಉತ್ತರಕ್ಕೂ ಮಾಡಿದ ಕೆಲಸದಿಂದ ಹುಟ್ಟಿದ ಉತ್ತರಕ್ಕೂ ಇರುವ ಅಂತರವನ್ನು ಕೇಳುವವರು ಗುರುತಿಸಬೇಕು; ಉತ್ತರಿಸುವವರೂ ಅರಿತಿರಬೇಕು.

1. 'ನಿಮ್ಮ ಬಗ್ಗೆ ತಿಳಿಸಿ.' ಹೆಸರು, ಹವ್ಯಾಸಗಳ ಪಟ್ಟಿ ಅರ್ಜಿಯಲ್ಲೇ ಇರುತ್ತದೆ. ಕಲಿತದ್ದೇನು, ಮಾಡಿದ್ದೇನು, ಈ ಹುದ್ದೆಗೆ ಅದು ಹೇಗೆ ಉಪಯುಕ್ತ ಎಂಬ ಮೂರು ಅಂಶಗಳು ಎರಡು ನಿಮಿಷಗಳಲ್ಲಿ ಬಂದರೆ ಸಾಕು. 'ದಿನಕ್ಕೆ ಸುಮಾರು 40 ಬಿಲ್ಲುಗಳನ್ನು ಟ್ಯಾಲಿಯಲ್ಲಿ ದಾಖಲಿಸುತ್ತಿದ್ದೆ' ಎಂಬ ಒಂದು ವಾಕ್ಯವು 'ಶ್ರಮಜೀವಿ' ಎಂಬ ವಿಶೇಷಣಕ್ಕಿಂತ ತೂಕದ್ದು.

2. 'ಹಿಂದಿನ ಕೆಲಸ ಬಿಟ್ಟದ್ದೇಕೆ?' ದೂರ, ಸಂಬಳ, ಕಲಿಕೆಯ ಅವಕಾಶ ಇವುಗಳಲ್ಲಿ ನಿಜವಾದುದನ್ನು ಒಂದೇ ಮಾತಿನಲ್ಲಿ ಹೇಳುವುದು ಉತ್ತಮ. ಹಳೆಯ ಮಾಲೀಕರ ವ್ಯಾಪಾರದ ಗುಟ್ಟನ್ನು ಬಿಚ್ಚಿಡುವವರು ನಾಳೆ ಈ ಅಂಗಡಿಯ ಗುಟ್ಟನ್ನೂ ಬೇರೆಡೆ ಬಿಚ್ಚಿಟ್ಟಾರು.

3. 'ನಿಮ್ಮ ದೌರ್ಬಲ್ಯವೇನು?' ಇದಕ್ಕೆ 'ಅತಿಯಾಗಿ ದುಡಿಯುತ್ತೇನೆ' ಎಂಬ ಸಿದ್ಧ ಉತ್ತರವೇ ಬರುವುದು ಹೆಚ್ಚು. ಬದಲಿಗೆ, ಲೆಕ್ಕದಲ್ಲಿ ತಮ್ಮಿಂದಾದ ತಪ್ಪೊಂದನ್ನು ವಿವರಿಸಲು ಹೇಳಬೇಕು. ಒಂದೇ ಬಿಲ್ಲನ್ನು ಎರಡು ಬಾರಿ ದಾಖಲಿಸಿದ್ದು, ಸರಬರಾಜುದಾರರ ಖಾತೆಯೊಡನೆ ತಾಳೆ ನೋಡುವಾಗ ಅದು ಪತ್ತೆಯಾದದ್ದು, ಅಂದಿನಿಂದ ಬಿಲ್ ಸಂಖ್ಯೆ ಪರಿಶೀಲಿಸಿಯೇ ದಾಖಲಿಸುತ್ತಿರುವುದು: ಇಷ್ಟು ಹೇಳಬಲ್ಲವರು ನಂಬಿಕೆಗೆ ಅರ್ಹರು.

4. 'ಸಂಬಳದ ನಿರೀಕ್ಷೆ?' ಅಭ್ಯರ್ಥಿ ನಿರ್ದಿಷ್ಟ ಮೊತ್ತ ಹೇಳಬೇಕು. ಮಾಲೀಕರು ಕೈಗೆ ಸಿಗುವ ಮೊತ್ತವನ್ನು ಸ್ಪಷ್ಟಪಡಿಸಬೇಕು. ಭವಿಷ್ಯನಿಧಿ ಅನ್ವಯಿಸುವಲ್ಲಿ 15,000 ರೂ. ವೇತನದಿಂದ ನೌಕರರ ಶೇ. 12ರ ಪಾಲಾಗಿ 1,800 ರೂ. ಕಡಿತವಾಗುತ್ತದೆ. ಇದನ್ನು ಮೊದಲೇ ತಿಳಿಸದಿದ್ದರೆ ಮೊದಲ ತಿಂಗಳೇ ಮನಸ್ತಾಪ.

ಮಾತಿನ ಬಳಿಕ ಹದಿನೈದು ನಿಮಿಷಗಳ ಕೆಲಸದ ಪರೀಕ್ಷೆ ಇರಲಿ. ಉದಾಹರಣೆಗೆ, ಮೂಡುಬಿದಿರೆಯ ನೋಂದಾಯಿತ ವ್ಯಾಪಾರಿ ಕಾಸರಗೋಡಿನಿಂದ 1,00,000 ರೂ. ಮೌಲ್ಯದ ಸರಕನ್ನು ಶೇ. 5 ಜಿಎಸ್‌ಟಿಯೊಂದಿಗೆ ಮಾರಾಟಕ್ಕಾಗಿ ಖರೀದಿಸಿದರೆ ದಾಖಲೆ ಹೇಗೆ? ಅಂತರರಾಜ್ಯ ವ್ಯವಹಾರವಾದ್ದರಿಂದ 5,000 ರೂ. ಐಜಿಎಸ್‌ಟಿ. ಷರತ್ತುಗಳು ಪೂರೈಸಿದ್ದರೆ ಅದು ಇನ್‌ಪುಟ್ ತೆರಿಗೆಯ ಖಾತೆಗೆ ಹೋಗಬೇಕೇ ಹೊರತು ಖರೀದಿ ವೆಚ್ಚಕ್ಕಲ್ಲ. ಮಾರಾಟಗಾರರು ಪುತ್ತೂರಿನವರಾಗಿದ್ದರೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ತಲಾ 2,500 ರೂ.

ಎಲ್ಲ ಅಭ್ಯರ್ಥಿಗಳಿಗೂ ಅವೇ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಕೇಳಿ, ಪ್ರತಿ ಉತ್ತರಕ್ಕೂ ಆಗಲೇ ಅಂಕ ಬರೆಯುವುದು ಮುಖ್ಯ. 85 ವರ್ಷಗಳ ಸಂಶೋಧನೆಗಳನ್ನು ಕ್ರೋಡೀಕರಿಸಿ ಫ್ರ್ಯಾಂಕ್ ಶ್ಮಿಡ್ಟ್ ಮತ್ತು ಜಾನ್ ಹಂಟರ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ಕ್ರಮಬದ್ಧ ಸಂದರ್ಶನವು ಮನಬಂದಂತೆ ನಡೆಸುವ ಸಂದರ್ಶನಕ್ಕಿಂತ ಹೆಚ್ಚು ವಿಶ್ವಾಸಾರ್ಹವೆಂದು ಕಂಡುಬಂದಿದೆ.

ಯುವತಿಯರನ್ನು 'ಮದುವೆ ಯಾವಾಗ?' ಎಂದು ಕೇಳುವ ರೂಢಿಯನ್ನು ಕೈಬಿಡಬೇಕು. ಕೆಲಸಕ್ಕೆ ಸಂಬಂಧವಿಲ್ಲದ ಈ ಪ್ರಶ್ನೆಯಿಂದ ಸಮರ್ಥರನ್ನು ಕಳೆದುಕೊಳ್ಳುವುದೇ ಹೆಚ್ಚು. ಮೇಲಾಗಿ, 2019ರ ವೇತನ ಸಂಹಿತೆಯು ಸಮಾನ ಕೆಲಸದ ನೇಮಕಾತಿಯಲ್ಲಿ ಲಿಂಗ ತಾರತಮ್ಯವನ್ನು ನಿಷೇಧಿಸಿದೆ.

ವ್ಯಾಪಾರಿಗಳು ಸರಕನ್ನು ತೂಗಿ ನೋಡಿಯೇ ಕೊಳ್ಳುತ್ತಾರೆ. ನೇಮಕಾತಿಯಲ್ಲಿಯೂ ಅದೇ ನಿಯಮ ಅನ್ವಯಿಸುತ್ತದೆ: ಉತ್ತರದ ಹೊಳಪಿಗಲ್ಲ, ಅದರ ಹಿಂದಿರುವ ಕೆಲಸದ ಪುರಾವೆಗೆ ಬೆಲೆ ಕಟ್ಟಬೇಕು.