ಜೇನು ಕುಟುಕಿದಾಗ ಮಾಡತಕ್ಕ ಉಪಚಾರ

ಖಾನಾಪುರ ಸೀಮೆಯ ಕಾಡುಗಳಲ್ಲಲ್ಲದೆ ಊರೊಳಗಿನ ಎತ್ತರವಾದ ಮರಗಳಲ್ಲಿಯೂ ಹೆಜ್ಜೇನು ಹುಟ್ಟು ಕಟ್ಟುವುದುಂಟು. ಜೇನು ಕುಟುಕಿದರೆ ಮುಳ್ಳು ಚರ್ಮದಲ್ಲಿಯೇ ಉಳಿದು, ಅದಕ್ಕಂಟಿದ ಚೀಲದಿಂದ ನಂಜು ಕೆಲಹೊತ್ತು ಇಳಿಯುತ್ತಲೇ ಇರುವುದು. ಕಣಜವಾದರೋ ಸಾಮಾನ್ಯವಾಗಿ ಮುಳ್ಳನ್ನು ಬಿಡದು. ಆದುದರಿಂದ ಹುಟ್ಟಿನಿಂದ ದೂರ ಸರಿದೊಡನೆ ಉಗುರಿನಿಂದಲೇ ಆಗಲಿ ಮುಳ್ಳನ್ನು ತೆಗೆಯತಕ್ಕದ್ದು. ಇಕ್ಕಳ ಹುಡುಕುತ್ತ ಕಾಲ ಕಳೆಯಕೂಡದು. ಬಳಿಕ ಸಾಬೂನಿನಿಂದ ತೊಳೆದು ತಣ್ಣೀರಿನ ಬಟ್ಟೆಯನ್ನಿಡಬೇಕು. ಸುಣ್ಣ, ಸಗಣಿ ಹಚ್ಚಲಾಗದು.

ಕುಟುಕಿದೆಡೆಯ ಬಾವು ಕೆಲವು ದಿನಗಳಲ್ಲಿ ತಾನೇ ಇಳಿಯುವುದು. ಆದರೆ ಮೈಯೆಲ್ಲ ದದ್ದು, ನಾಲಿಗೆಯ ಬಾವು, ಉಬ್ಬಸ, ತಲೆಸುತ್ತು ತೋರಿದರೆ ಒಂದೇ ಮುಳ್ಳಾದರೂ ಪ್ರಾಣಾಪಾಯವೆಂದು ತಿಳಿಯಬೇಕು. ಅದಕ್ಕೆ ಎಡ್ರಿನಲಿನ್ ಚುಚ್ಚುಮದ್ದೇ ಮೊದಲ ಚಿಕಿತ್ಸೆ. ಹತ್ತಾರು ಹುಳುಗಳು ಕುಟುಕಿದವರನ್ನೂ ವೈದ್ಯರಿಗೆ ತೋರಿಸತಕ್ಕದ್ದು. ಇಂಥ ಸಮಯದಲ್ಲಿ ಗ್ರಾಮದ ಮುಖಂಡರು ಮನೆಮದ್ದನ್ನು ನೆಚ್ಚದೆ, 108ಕ್ಕೆ ಕರೆಮಾಡಿ, ರೋಗಿಯನ್ನು ತಡವಿಲ್ಲದೆ ಆಸ್ಪತ್ರೆಗೆ ಕಳುಹಿಸತಕ್ಕದ್ದು.