ನಿಜಾಮನ ಕಾಲದ ಕಪಾಟಿಗೆ ಎಷ್ಟು ಕೊಡಬೇಕು?

ಶಿರೂರ ಅನಂತಪಾಳದಿಂದ ನಿಲಂಗಾ, ಉದಗೀರ, ಉಮರ್ಗಾ ಯಾವ ದಿಕ್ಕಿಗೆ ಹೋದರೂ ಹಳೆ ಕಟ್ಟಿಗೆ ಮಾರುವವರ ಬಾಯಲ್ಲಿ ಒಂದೇ ಮಾತು: ‘ನಿಜಾಮನ ಕಾಲದ್ದು ಅದರೀ.’ ಕಪ್ಪಗಿದ್ದರೆ ಸಾಕು, ನಿಜಾಮನ ಕಾಲದ್ದು. ಹಿತ್ತಾಳೆ ಹಿಡಿಕೆ ಇದ್ದರಂತೂ ಯಾರೋ ದೇಶಮುಖರ ವಾಡೆಯಿಂದ ಬಂದದ್ದು. ಈ ಎರಡು ಮಾತಿಗೆ ಕಪಾಟಿನ ಬೆಲೆ ಎಂಟು ಹತ್ತು ಸಾವಿರ ಏರುತ್ತದೆ. ನನಗೆ ಬೇಕಿದ್ದದ್ದು ಬಟ್ಟೆ, ಹಾಸಿಗೆ, ಹೊಲಮನೆಯ ಕಾಗದಪತ್ರ ಇಡಲು ಗಟ್ಟಿಯಾದ ಒಂದು ಕಪಾಟು. ಆ ಎಂಟು ಹತ್ತು ಸಾವಿರ ಯಾವುದರ ಬೆಲೆ ಎಂದು ತಿಳಿಯದೆ ಗಂಟು ಬಿಚ್ಚಲು ಮನಸ್ಸು ಬರಲಿಲ್ಲ.

ಮೊದಲ ಅನುಮಾನ ಬಂದದ್ದು ನಮ್ಮ ಹಳೆ ಮನೆಗಳನ್ನು ನೆನೆಸಿಕೊಂಡಾಗ. ನಿಜಾಮನ ಆಳ್ವಿಕೆ ಇಲ್ಲಿ ಮುಗಿದದ್ದು 1948ರ ಸೆಪ್ಟೆಂಬರಿನಲ್ಲಿ. ಉದಗೀರ, ನಿಲಂಗಾ ತಾಲೂಕುಗಳು ಆಗ ಬೀದರ ಜಿಲ್ಲೆಯಲ್ಲಿದ್ದವು, 1956ರಲ್ಲಿ ಮುಂಬಯಿ ರಾಜ್ಯಕ್ಕೆ ಸೇರಿದವು. ಆ ಕಾಲದ ಮಾಳಿಗೆ ಮನೆಗಳಲ್ಲಿ ಇಂಥ ನಿಂತ ಕಪಾಟು ಎಷ್ಟು ಮಂದಿಯ ಹತ್ತಿರ ಇತ್ತು? ಎರಡು ಮೂರು ಅಡಿ ದಪ್ಪದ ಕಲ್ಲುಮಣ್ಣಿನ ಗೋಡೆಯಲ್ಲೇ ದೀಪಕ್ಕೊಂದು ಮಾಡ, ಪಾತ್ರೆಗೆ ಫಡತಾಳ ಇರುತ್ತಿದ್ದವು. ಜೋಳ ಹಗೇವಿನಲ್ಲಿ, ಸೀರೆ, ಒಡವೆ ಸಂದೂಕಿನಲ್ಲಿ. ಬಾಗಿಲಿನ ಕಪಾಟು ಬೇಕಾಗುತ್ತಿದ್ದದ್ದು ಕಚೇರಿಗೆ, ವಕೀಲರಿಗೆ, ಉದಗೀರದಂಥ ಪೇಟೆಯ ಸಾಹುಕಾರರಿಗೆ. ಅಷ್ಟು ಸ್ವಲ್ಪ ಇದ್ದದ್ದು ಈಗ ಇಷ್ಟೊಂದು ಅಂಗಡಿಗಳಲ್ಲಿ ಸಾಲಾಗಿ ನಿಂತಿದೆ ಎಂದರೆ ಲೆಕ್ಕ ಎಲ್ಲೋ ತಪ್ಪಬೇಕು.

ಆದರೆ ಕಟ್ಟಿಗೆ ಹಳೆಯದೇ. ಅದು ಎಲ್ಲಿಂದ ಬಂತು ಎಂಬುದು ನಮ್ಮ ಭಾಗದ ಎಲ್ಲರಿಗೂ ಗೊತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪ ಔಸಾ, ಉಮರ್ಗಾ ತಾಲೂಕುಗಳ ಊರೂರನ್ನೇ ಕೆಡವಿತು. ಜನರನ್ನು ಕೊಂದದ್ದು ಹೆಚ್ಚಾಗಿ ಆ ದಪ್ಪ ಗೋಡೆ, ಮಣ್ಣಿನ ಭಾರದ ಮಾಳಿಗೆ. ಆಮೇಲೆ ವಿಶ್ವಬ್ಯಾಂಕಿನ ನೆರವಿನಲ್ಲಿ 52 ಹಳ್ಳಿಗಳನ್ನು ಪೂರ್ತಿ ಬೇರೆ ಜಾಗಕ್ಕೆ ಎತ್ತಿ ಕಟ್ಟಿದರು. ಬಿದ್ದ ಮನೆಗಳಿಂದ ತೊಲೆ, ಜಂತಿ, ಕಂಬ, ಕದ ಹೊರಬಂದವು. ಬೀಳದ ಊರುಗಳಲ್ಲೂ ಜನ ಮಾಳಿಗೆಯ ಕೆಳಗೆ ಮಲಗಲು ಹೆದರಿ ಸ್ಲ್ಯಾಬ್ ಹಾಕಿಸಿಕೊಂಡರು. ಇವತ್ತಿಗೂ ಒಂದೊಂದೇ ವಾಡೆ ಬಿಚ್ಚುತ್ತಲೇ ಇದ್ದಾರೆ. ಆ ತೊಲೆಗಳನ್ನು ಸೀಳಿ ಮಾಡಿದ ಕಪಾಟುಗಳೇ ಈಗ ಅಂಗಡಿಯಲ್ಲಿರುವುದರಲ್ಲಿ ಬಹುಪಾಲು ಎಂದು ನನ್ನ ಅಂದಾಜು.

ಇದರಲ್ಲಿ ಮೋಸ ಇರಲೇಬೇಕೆಂದಿಲ್ಲ. ಎಪ್ಪತ್ತು ಎಂಬತ್ತು ವರ್ಷ ಮಾಳಿಗೆ ಹೊತ್ತು ಒಣಗಿದ ಸಾಗವಾನಿ ಇನ್ನು ಡೊಂಕಾಗುವುದಿಲ್ಲ. ಕಟ್ಟಿಗೆಯ ಬೆಲೆ ಕೇಳಿದರೆ ಸರಿ. ಕೇಳುವುದು ಕಥೆಯ ಬೆಲೆ.

ನಮ್ಮ ಮನೆಗೆ ಬರುವ ಬಡಿಗೇರ ಮಾಮಾನನ್ನು ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ‘ತಂಗೀ, ಮೊದಲ ಟೇಪ ಹಿಡಿ, ಆಮ್ಯಾಲ ರೇಟ ಕೇಳು’ ಅಂದ. ಆರಡಿ ಎತ್ತರ, ಮೂರಡಿ ಅಗಲ, ಒಂದೂಕಾಲು ಅಡಿ ಆಳದ ಕಪಾಟು. ಎರಡು ಪಕ್ಕೆಗೆ 15 ಚದರ ಅಡಿ, ಬಾಗಿಲಿಗೆ 18, ಬೆನ್ನಿಗೆ 18, ಮೇಲೆ ಕೆಳಗೆ ಸೇರಿಸಿ ಆರು ಹಲಗೆಗೆ ಇಪ್ಪತ್ತೆರಡೂವರೆ. ಒಟ್ಟು 73 ಚದರ ಅಡಿಗಿಂತ ತುಸು ಹೆಚ್ಚು. ಒಂದು ಇಂಚು ದಪ್ಪ ಹಿಡಿದು ಹನ್ನೆರಡರಿಂದ ಭಾಗಿಸಿದರೆ ಆರು ಘನ ಅಡಿ. ಚೌಕಟ್ಟು, ಕಾಲು ಸೇರಿಸಿ ಏಳು. ಹಳೆ ಸಾಗವಾನಿಗೆ ಘನ ಅಡಿಗೆ 2,000 ರೂಪಾಯಿ ಹಿಡಿದ, ಆಯಿತು 14,000. ಹೊಸದಾಗಿ ಮಾಡಿದರೆ ಕೂಲಿ 8,000, ಬಳಸಿದ ಮಾಲಿಗೆ ಅದರ ಅರ್ಧ. ಅಲ್ಲಿಗೆ 18,000. ಅಂಗಡಿಯವರು ಕೇಳಿದ್ದು 26,000. ನಡುವಿನ 8,000 ನಿಜಾಮನದು!

ಈ ಲೆಕ್ಕ ಹಾಕುವ ಮೊದಲು ಅದು ನಿಜವಾಗಿ ಸಾಗವಾನಿಯೇ, ಎಲ್ಲ ಕಡೆಯೂ ಸಾಗವಾನಿಯೇ ಎಂದು ನೋಡಬೇಕು. ಮುಂದಿನದು ಸಾಗವಾನಿ, ಬೆನ್ನಿಗೆ ಬೇವು, ಒಳಗಿನ ಹಲಗೆಗೆ ಕೈಗೆ ಸಿಕ್ಕಿದ್ದು ಎಂಬ ಕಪಾಟು ಬೇಕಾದಷ್ಟಿವೆ. ಪಾಲಿಶ್ ಮೂರನ್ನೂ ಒಂದೇ ಬಣ್ಣಕ್ಕೆ ತರುತ್ತದೆ. ಆದ್ದರಿಂದ ಪಾಲಿಶ್ ಹತ್ತದ ಜಾಗ ನೋಡಿ: ಹಲಗೆಯ ತಳಭಾಗ, ಡ್ರಾವರಿನ ಹಿಂಬದಿ, ಕಪಾಟಿನ ನೆತ್ತಿ. ಸಾಗವಾನಿಯಲ್ಲೂ ಕೆಚ್ಚಿಗೆ ಮಾತ್ರ ಗೆದ್ದಲು ಸುಲಭಕ್ಕೆ ಬಾಯಿ ಹಾಕುವುದಿಲ್ಲ. ಅಂಚಿನ ಬಿಳಿ ಭಾಗಕ್ಕೆ ಹುಳ ಬೀಳುತ್ತದೆ. ತೂತು ಕಂಡರೆ ಹೆದರಬೇಕಾಗಿಲ್ಲ, ತೂತಿನ ಕೆಳಗೆ ಹಿಟ್ಟಿನಂಥ ಹೊಸ ಪುಡಿ ಇದೆಯೇ ನೋಡಿ. ಇದ್ದರೆ ಹುಳ ಒಳಗೆ ಇನ್ನೂ ಜೀವಂತ ಇದೆ. ಅಂಥದ್ದನ್ನು ಪುಕ್ಕಟೆ ಕೊಟ್ಟರೂ ನಾನು ತರುವುದಿಲ್ಲ, ಅದು ಮನೆಯ ಬಾಗಿಲ ಚೌಕಟ್ಟಿಗೂ ಹಬ್ಬುತ್ತದೆ.

ವಯಸ್ಸು ತಿಳಿಯಲು ಸ್ಕ್ರೂ ನೋಡುವುದು ಒಳ್ಳೆಯದು. ಕೂಡು ಗುರುತಿನ ಸ್ಕ್ರೂ 1930ರ ದಶಕದಲ್ಲಿ ಅಮೆರಿಕದಲ್ಲಿ ಬಂದದ್ದು, ನಮ್ಮ ಬಡಿಗೇರರ ಪೆಟ್ಟಿಗೆಗೆ ಬರುವಷ್ಟರಲ್ಲಿ ಎಷ್ಟೋ ವರ್ಷ ಕಳೆದಿದೆ. ಒಂದೇ ಗೀಟಿನ ಸ್ಕ್ರೂ ಇದ್ದರೆ ಹಳೆಯದಿರಬಹುದು, ಆದರೆ ಸ್ಕ್ರೂ ಬದಲಾಯಿಸುವುದು ಎರಡು ನಿಮಿಷದ ಕೆಲಸ. ಗರಗಸದ ಗುರುತು ಅಷ್ಟು ಸುಲಭಕ್ಕೆ ಸುಳ್ಳು ಹೇಳುವುದಿಲ್ಲ. ಇಬ್ಬರು ಹಿಡಿದು ಕೈಯಿಂದ ಕೊಯ್ದ ಹಲಗೆಯಲ್ಲಿ ಗೀಟುಗಳು ನೇರ, ಅಂತರ ಹೆಚ್ಚುಕಡಿಮೆ. ಗುಂಡು ಬ್ಲೇಡಿನ ಮಷೀನು ಕೊಯ್ದರೆ ಕಮಾನಿನಂಥ ಗೀಟು. ಎಲ್ಲಕ್ಕಿಂತ ಹೆಚ್ಚು ಹೇಳುವುದು ತೇಪೆ. ನಾವು ನೋಡಿದ ಕಪಾಟಿನ ಪಕ್ಕೆಯಲ್ಲಿ ಎರಡು ಚೌಕ ತೂತುಗಳಿಗೆ ಬೇರೆ ಕಟ್ಟಿಗೆಯ ತುಂಡು ಬಡಿದು ಮುಚ್ಚಿದ್ದರು. ಕಪಾಟಿನಲ್ಲಿ ಆ ಜಾಗದಲ್ಲಿ ತೂತಿಗೆ ಕೆಲಸವೇ ಇಲ್ಲ. ಜಂತಿ ಕೂರಿಸಿದ್ದ ಜಾಗ ಅದು, ತೊಲೆಯಾಗಿದ್ದ ಕಾಲದ್ದು. ಅಂಗಡಿಯವರಿಗೆ ತೋರಿಸಿದೆ. ಅವರು ಒಂದಿಷ್ಟೂ ಅಳುಕದೆ ನಕ್ಕರು: ‘ಕಟ್ಟಿಗಿ ಅಂತೂ ನಿಜಾಮಂದೇ ಅದರೀ ಅಕ್ಕಾ.’

ಅದೂ ನಿಜವೇ. ಆದರೆ ಆ ನಗುವಿನ ಮೇಲೆ ಬೆಲೆ ಇಳಿಯಿತು. ಬೆನ್ನಿನ ಒಂದು ಹಲಗೆ ಹೊಸದು ಹಾಕಬೇಕು, ತಿರುಗಣಿ ಸಡಿಲ, ಪಾಲಿಶ್ ಬೇಕು, ಎಲ್ಲ ಸೇರಿ 5,000 ಎಂದು ಮಾಮಾ ಹೇಳಿದ್ದ. ಅದನ್ನು 18,000ದಲ್ಲಿ ಕಳೆದರೆ 13,000. ವ್ಯವಹಾರ 15,500ಕ್ಕೆ ನಿಂತಿತು. ಮೇಲಿನ ಎರಡೂವರೆ ಸಾವಿರವನ್ನು ನಾನು ತಿಳಿದೇ ಕೊಟ್ಟೆ. ಕೆಳಗಿನ ಡ್ರಾವರ್ ಮೊಳೆ ಇಲ್ಲದೆ ಪಾರಿವಾಳದ ಬಾಲದ ಆಕಾರದ ಕೂಡಿಕೆಯಲ್ಲಿ ನಿಂತಿತ್ತು, ಅಂಥ ಕೈಕೆಲಸ ಈಗ ಮಾಮಾನೂ ಮಾಡುವುದಿಲ್ಲ. ರಿಪೇರಿಯ 5,000, ಟೆಂಪೊ ಬಾಡಿಗೆ 1,200 ಸೇರಿ ಮನೆಗೆ ಬಿದ್ದದ್ದು 21,700. ಹೊಸ ಸಾಗವಾನಿಯಲ್ಲಿ ಇದೇ ಅಳತೆಯದನ್ನು ಈ ಹಣಕ್ಕೆ ಯಾರೂ ಮಾಡಿಕೊಡುವುದಿಲ್ಲ. ಪ್ಲೈ, ಪುಡಿಹಲಗೆಯದು ಇದಕ್ಕಿಂತ ಅಗ್ಗ, ನಮ್ಮ ಮಳೆಗಾಲದ ತೇವಕ್ಕೆ ಅದರ ಕಾಲು ಉಬ್ಬಿದ್ದನ್ನು ಪಕ್ಕದ ಮನೆಯಲ್ಲೇ ನೋಡಿದ್ದೇನೆ.

ಬಣ್ಣ ಹಚ್ಚಿದ ಹಳೆ ಕಪಾಟು ಇನ್ನೊಂದು ಬಗೆ. ಮನೆಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ದಾಟಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರಲ್ಲಿ. ಅದಕ್ಕೂ ಹಿಂದಿನ ಹಸಿರು, ನೀಲಿ ಬಣ್ಣದ ಜಾಳಿಗೆ ಕಪಾಟನ್ನು ಅಡುಗೆಮನೆಗೆ ತಂದು ಒಣಗಿದ್ದಂತೆಯೇ ಪಾಲಿಶ್ ಕಾಗದದಿಂದ ಉಜ್ಜಬೇಡಿ, ಮಕ್ಕಳಿರುವ ಮನೆಯಲ್ಲಂತೂ ಬೇಡವೇ ಬೇಡ.

ಕಬ್ಬಿಣದ ಕಪಾಟಿನ ವಿಷಯ ಸರಳ. ಗೋದ್ರೇಜ್ ಉಕ್ಕಿನ ಕಪಾಟು ಮಾಡತೊಡಗಿದ್ದು 1923ರಲ್ಲಿ. ನಮ್ಮ ಕಡೆ ಯಾವ ಕಂಪನಿಯದಾದರೂ ಅದು ‘ಗೋದ್ರೇಜ್’ ಎಂದೇ, ಮದುವೆಯಲ್ಲಿ ಹೆಣ್ಣಿನ ಹಿಂದೆ ಬರುವುದು. ಹಳೆಯವುಗಳ ತಗಡು ದಪ್ಪ. ಕಾಲಿನ ಹತ್ತಿರ ತುಕ್ಕು ತಿಂದಿರದಿದ್ದರೆ, ಕೀಲಿ ಸರಿಯಾಗಿ ತಿರುಗಿದರೆ ತೆಗೆದುಕೊಳ್ಳಿ. ಭಂಗಾರದವರು, ಅಂದರೆ ಗುಜರಿಯವರು, ಕಿಲೋಗೆ ಏನು ಕೊಡುತ್ತಾರೆ ಎಂದು ಮೊದಲೇ ಕೇಳಿಟ್ಟುಕೊಂಡರೆ ಚೌಕಾಸಿ ಎಲ್ಲಿಂದ ಶುರು ಮಾಡಬೇಕೆಂದು ಗೊತ್ತಾಗುತ್ತದೆ.

‘ಇಟ್ಟರೆ ರೇಟ ಏರತದ’ ಎಂದು ಹೇಳುವವರಿಗೆ ನನ್ನದೊಂದು ಪ್ರಶ್ನೆ: ಮಾರುವಾಗ ಕೊಳ್ಳುವವರು ಯಾರು? ಬಂಗಾರಕ್ಕೆ ಪ್ರತಿ ಪೇಟೆಯಲ್ಲೂ ಗಿರಾಕಿ ಇದ್ದಾನೆ, ಕಪಾಟಿಗೆ ಇಲ್ಲ. ಕಾರೈಕುಡಿ, ಮಟ್ಟಾಂಚೇರಿ, ಮುಂಬಯಿಯ ಚೋರ್ ಬಜಾರಿನಲ್ಲಿ ಹಳೆ ಸಾಮಾನಿಗೆ ದೊಡ್ಡ ಬೆಲೆ ಬರುವುದು ಅಲ್ಲಿಗೆ ಹುಡುಕಿಕೊಂಡು ಬರುವ ಜನರಿಂದ. ಆ ಬೆಲೆ ನಿಲಂಗಾದ ಟೆಂಪೊದಲ್ಲಿ ಬರುವುದಿಲ್ಲ. ಇನ್ನು 1972ರ ಪ್ರಾಚ್ಯವಸ್ತು ಕಾಯ್ದೆಯ ಹಿಡಿತ ನೂರು ವರ್ಷ ದಾಟಿದ ವಸ್ತುಗಳ ಮೇಲೆ. ಪ್ರಾಚ್ಯವಸ್ತು ಎನಿಸಿದ್ದನ್ನು ವ್ಯಾಪಾರವಾಗಿ ಮಾರಲು ಲೈಸೆನ್ಸ್ ಬೇಕು, ದೇಶದ ಹೊರಗೆ ಒಯ್ಯುವಂತಿಲ್ಲ. 1940ರ ಕಪಾಟು ಅಷ್ಟು ಹಳೆಯದಲ್ಲ, ಅದು ಬರೀ ಹಳೆ ಕಪಾಟು. ಒಂದು ಸಮಾಧಾನ: ಮನೆಬಳಕೆಯ ಸಾಮಾನನ್ನು ಮುಂದೆ ಲಾಭಕ್ಕೆ ಮಾರಿದರೂ ಅದಕ್ಕೆ ಬಂಡವಾಳ ಲಾಭದ ತೆರಿಗೆ ಇಲ್ಲ. ಒಡವೆ, ಚಿತ್ರ, ಶಿಲ್ಪ, ಕಲಾಕೃತಿಗಳಿಗೆ ಆ ರಿಯಾಯಿತಿ ಸಿಗದು. ಬಿಲ್ಲನ್ನೂ ಓದಿ. ಬಳಸಿದ ಸಾಮಾನು ಮಾರುವವರು ನಿಯಮ ಪಾಲಿಸಿದರೆ ಕೊಂಡ ಬೆಲೆ, ಮಾರಿದ ಬೆಲೆಗಳ ವ್ಯತ್ಯಾಸದ ಮೇಲಷ್ಟೇ ಜಿಎಸ್‌ಟಿ ಕಟ್ಟಬಹುದು. ಪೂರ್ತಿ ಮೊತ್ತಕ್ಕೆ ಸೇರಿಸಿದ್ದರೆ ಏಕೆ ಎಂದು ಕೇಳಿ. ‘ಅಂಗಡಿಯಲ್ಲೇ ಮಾಡಿದ್ದು, ಹೊಸ ಮಾಲು’ ಎಂಬ ಉತ್ತರ ಬಂದರೆ ನಿಜಾಮನ ಕಥೆ ಅಲ್ಲೇ ಬಿತ್ತು.

ಕಪಾಟು ಮನೆಗೆ ಬಂದ ದಿನ ಮಾಮಾ ಮಾಡಿದ ಕೊನೆಯ ಕೆಲಸಕ್ಕೆ ನೂರಿನ್ನೂರಕ್ಕಿಂತ ಹೆಚ್ಚು ಖರ್ಚಾಗಲಿಲ್ಲ. ಎಲ್ ಆಕಾರದ ಎರಡು ಕಬ್ಬಿಣದ ಪಟ್ಟಿ ತಂದು ಕಪಾಟಿನ ನೆತ್ತಿಯನ್ನು ಗೋಡೆಗೆ ಬಿಗಿದ. ಕಿಲ್ಲಾರಿಯ ಭಾಗ ಭೂಕಂಪದ ಹಳೆ ನಕಾಶೆಯಲ್ಲಿ ಎಲ್ಲಕ್ಕಿಂತ ಕಡಿಮೆ ಅಪಾಯದ ಮೊದಲನೇ ವಲಯದಲ್ಲಿತ್ತು. 2002ರಲ್ಲಿ ಮೂರನೆಯದಕ್ಕೆ ಏರಿಸಿದರು. ಆರಡಿ ಸಾಗವಾನಿ ಗೋಡೆ ಬಿಟ್ಟು ಮುಂದಕ್ಕೆ ಬಾಗಿದರೆ ತಡೆಯುವವರಿಲ್ಲ, ಭೂಮಿ ನಡುಗದಿದ್ದರೂ ಕೆಳಗಿನ ಡ್ರಾವರ್ ಹತ್ತಿ ನಿಲ್ಲುವ ಮಗು ಸಾಕು. ನನ್ನ ಗಂಡ ಹೊಸ ಗೋಡೆಗೆ ತೂತು ಏಕೆ ಎಂದು ಗೊಣಗಿದರು. ಮಾಮಾ ಡ್ರಿಲ್ ನಿಲ್ಲಿಸಲಿಲ್ಲ.