ಗಿಟಾರನ್ನು ಕೇಳಿಸುವ ಬಗೆ

ಸಂತೆಯಲ್ಲಿ ಮಡಕೆ ಕೊಳ್ಳುವ ಹೆಂಗಸರನ್ನು ವಾಚಕರೆಲ್ಲರೂ ನೋಡಿರಬಹುದು. ಮಡಕೆಯನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಬಲಗೈ ಬೆರಳಿನ ಗೆಣ್ಣಿನಿಂದ ಎರಡು ಸಲ ತಟ್ಟುತ್ತಾರೆ. ಕಂಚಿನಂತೆ ನುಡಿದರೆ ಕೊಳ್ಳುತ್ತಾರೆ. ಬದ್ದೆಂದರೆ ಕೆಳಗಿಟ್ಟು ಮುಂದಿನದಕ್ಕೆ ಕೈ ಹಾಕುತ್ತಾರೆ. ಕಣ್ಣಿಗೆ ಕಾಣದ ಬಿರುಕು ಕಿವಿಗೆ ಕೇಳುತ್ತದೆಂಬುದನ್ನು ಅವರಿಗೆ ಯಾವ ಪಾಠಶಾಲೆಯಲ್ಲಿಯೂ ಕಲಿಸಿಲ್ಲ. ಆದರೆ ಮಡಕೆ ಎದುರಿಗಿರದೆ, ಎಲ್ಲಿಯೋ ಕುಳಿತ ಬೇರೊಬ್ಬನು ಅದನ್ನು ತಟ್ಟಿ, ಆ ಸದ್ದನ್ನು ಮಾತ್ರ ನಮಗೆ ಕಳುಹಿಸುವುದಾದರೆ? ಆಗ ಅವನು ತಟ್ಟುವ ರೀತಿಯ ಮೇಲೆಯೇ ನಮ್ಮ ದುಡ್ಡು ನಿಂತಿರುತ್ತದೆ. ಇಂದು ಗಿಟಾರಿನ ವ್ಯಾಪಾರ ಬಹುಮಟ್ಟಿಗೆ ಈ ಸ್ಥಿತಿಗೆ ಬಂದಿದೆ. ಕೊಳ್ಳಬಯಸುವ ವಿದ್ಯಾರ್ಥಿಯು ಮೊದಲು ನೋಡುವುದು ಅಂಗಡಿಯನ್ನಲ್ಲ, ಮೊಬೈಲಿನಲ್ಲಿ ಬರುವ ಪ್ರಾತ್ಯಕ್ಷಿಕೆಯ ವಿಡಿಯೊವನ್ನು. ಅಂತಹ ವಿಡಿಯೊ ಹೇಗಿದ್ದರೆ ಒಳ್ಳೆಯದೆನ್ನಬಹುದು ಎಂಬುದನ್ನು ಕುರಿತು ನನಗೆ ತಿಳಿದಷ್ಟನ್ನು ಇಲ್ಲಿ ಬರೆಯುತ್ತೇನೆ. ವಿದ್ಯುತ್ತಿನ ಹಂಗಿಲ್ಲದೆ ಮರದ ಒಡಲಿನಿಂದಲೇ ನುಡಿಯುವ ಗಿಟಾರು ಮಾತ್ರ ಇಲ್ಲಿನ ವಿಷಯ.

ಇದೇನು ಅಷ್ಟು ದೊಡ್ಡ ವಿಷಯವೆ ಎಂದು ಕೆಲವರು ನಗಬಹುದು. ಹತ್ತು ಅಂಗಡಿಗಳಿರುವ ನಗರದವರಿಗೆ ಅಲ್ಲದಿರಬಹುದು. ನಮ್ಮಲ್ಲಿ ಹೆಚ್ಚಿನವರು ಹಳ್ಳಿಗಳಿಂದ ಬಸ್ಸಿನಲ್ಲಿ ಬರುವವರು. ನಮ್ಮ ಮನೆಯಲ್ಲಿ ಕಾಲೇಜಿಗೆ ಬಂದವನು ನಾನೇ ಮೊದಲು; ಗಿಟಾರೆಂಬುದನ್ನು ನಮ್ಮ ತಾಯಿಯವರು ಇನ್ನೂ ಸಿನಿಮಾದ ವಸ್ತುವೆಂದೇ ತಿಳಿದಿದ್ದಾರೆ. ಏಳೆಂಟು ಸಾವಿರ ರೂಪಾಯಿ ಕೂಡಿಸಬೇಕಾದರೆ ಎರಡು ಮೂರು ರಜೆಗಳಲ್ಲಿ ಹಿಪ್ಪುನೇರಳೆ ಸೊಪ್ಪು ಕುಯ್ದು, ಹುಳು ಸಾಕುವವರ ಮನೆಯಲ್ಲಿ ರಾತ್ರಿ ಎದ್ದು ಮೇವು ಹಾಕಬೇಕು. ನನ್ನ ಸಹಪಾಠಿಯೊಬ್ಬನು ಹೀಗೆ ಕೂಡಿಸಿದ ಹಣದಿಂದ, ಒಂದು ವಿಡಿಯೊವನ್ನು ನಂಬಿ ಗಿಟಾರು ತರಿಸಿದನು. ವಿಡಿಯೊದಲ್ಲಿ ಅದು ಗಂಧರ್ವರ ವಾದ್ಯದಂತಿತ್ತು. ಬಂದ ವಾದ್ಯದಲ್ಲಿ ತಂತಿಗಳು ಮೆಟ್ಟುಗಳಿಂದ ಎಷ್ಟು ಎತ್ತರದಲ್ಲಿದ್ದುವೆಂದರೆ, ಒತ್ತಿ ಒತ್ತಿ ಬೆರಳು ಗಾಯವಾಯಿತೇ ಹೊರತು ಸ್ವರ ಹೊರಡಲಿಲ್ಲ. ಅದು ಈಗ ಅವನ ಕೋಣೆಯ ಗೋಡೆಯ ಮೊಳೆಯಲ್ಲಿ ತೂಗುತ್ತಿದೆ.

ಅರ್ಥಶಾಸ್ತ್ರ ಓದಿದವರಿಗೆ ಜಾರ್ಜ್ ಅಕರ್ಲಾಫ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರ 1970ರ ಲೇಖನ ನೆನಪಾಗಬಹುದು. ಹಳೆಯ ಕಾರಿನ ಗುಣದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಈ ಅಸಮತೆ ಹೆಚ್ಚಿದಂತೆ ಒಳ್ಳೆಯ ವಸ್ತುವೇ ಮಾರುಕಟ್ಟೆಯಿಂದ ಹಿಂದೆ ಸರಿಯುತ್ತದೆಂದು ಅವರು ತೋರಿಸಿದರು. ಈ ಅಸಮತೆಯನ್ನು ಕಡಿಮೆ ಮಾಡುವುದೇ ಪ್ರಾತ್ಯಕ್ಷಿಕೆಯ ಕೆಲಸ. ಅದಕ್ಕೆ ಬದಲಾಗಿ ಹೆಚ್ಚಿಸುವ ವಿಡಿಯೊ ಎಷ್ಟು ಮನೋಹರವಾಗಿದ್ದರೂ ಅದು ಜಾಹೀರಾತು, ಪ್ರಾತ್ಯಕ್ಷಿಕೆಯಲ್ಲ.

ಒಳ್ಳೆಯ ಪ್ರಾತ್ಯಕ್ಷಿಕೆಗೆ ಮಾದರಿಯೊಂದು ಬೇಕಾದರೆ ನಾವು ವಿಡಿಯೊ ಹುಟ್ಟುವುದಕ್ಕೆ ಬಹಳ ಹಿಂದಿನ ಕಾಲಕ್ಕೆ ಹೋಗಬೇಕು. ಹತ್ತೊಂಬತ್ತನೆಯ ಶತಮಾನದ ಸ್ಪೇನಿನಲ್ಲಿ ಆಂಟೋನಿಯೊ ಡಿ ಟೊರೆಸ್ ಎಂಬ ಹೆಸರಾಂತ ವಾದ್ಯಶಿಲ್ಪಿಯಿದ್ದನು. ಗಿಟಾರಿನ ನಾದಕ್ಕೆ ಮುಖ್ಯ ಕಾರಣ ಅದರ ಮುಂಭಾಗದ ತೆಳು ಹಲಗೆಯೇ ಹೊರತು ಬೆನ್ನು ಪಕ್ಕೆಗಳ ಮರವಲ್ಲವೆಂಬುದು ಅವನ ನಂಬಿಕೆ. ಇದನ್ನು ವಾದಮಾಡಿ ಹೇಳುವ ಬದಲು 1862ರಲ್ಲಿ ಅವನೊಂದು ಗಿಟಾರನ್ನು ಮಾಡಿದನು. ಮುಂಭಾಗಕ್ಕೆ ಎಂದಿನಂತೆ ಒಳ್ಳೆಯ ಮರ. ಬೆನ್ನಿಗೂ ಪಕ್ಕೆಗಳಿಗೂ ಕಾಗದದ ರಟ್ಟು! ಆ ವಾದ್ಯ ಇಂದಿಗೂ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ಇದರಲ್ಲಿ ನನಗೆ ಮೆಚ್ಚಿಗೆಯಾದದ್ದು ಅವನ ಜಾಣತನಕ್ಕಿಂತ ಅವನ ಕ್ರಮ. ಒಂದನ್ನು ಬದಲಿಸಿದನು, ಉಳಿದದ್ದನ್ನು ಹಾಗೆಯೇ ಬಿಟ್ಟನು. ತೀರ್ಪನ್ನು ಕೇಳುವವರ ಕಿವಿಗೆ ಒಪ್ಪಿಸಿದನು.

ಇದೇ ಕ್ರಮವನ್ನು ನಮ್ಮ ಕಾಲದಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾನಿಲಯದವರು ಮುಂದುವರಿಸಿದರು. ಬೆನ್ನು ಪಕ್ಕೆಗಳ ಮರವೊಂದರಲ್ಲಿ ಮಾತ್ರ ಭೇದವಿರುವ ಆರು ಗಿಟಾರುಗಳನ್ನು ಮಾಡಿಸಿ, ಮಂದ ಬೆಳಕಿನ ಕೋಣೆಯಲ್ಲಿ, ಕಣ್ಣಿಗೆ ಕಪ್ಪು ಕನ್ನಡಕ ತೊಡಿಸಿ, 52 ಮಂದಿ ವಾದಕರ ಕೈಗೆ ಅವನ್ನು ಕೊಟ್ಟರು. 2018ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಬಹು ಬೆಲೆಯ ಬ್ರೆಜಿಲ್ ರೋಸ್‌ವುಡ್ಡಿಗೂ ಅಗ್ಗದ ಮರಗಳಿಗೂ ವಾದಕರು ಕೊಟ್ಟ ಅಂಕಗಳಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವೇನೂ ಕಾಣಲಿಲ್ಲ. ಆ ಆರು ಮರಗಳಲ್ಲಿ ಭಾರತದ ರೋಸ್‌ವುಡ್, ಎಂದರೆ ನಮ್ಮ ಮಲೆನಾಡು ಕೊಡಗುಗಳ ಕಾಡಿನಲ್ಲಿ ಬೆಳೆಯುವ ಬೀಟೆಯೂ ಒಂದು. ಬ್ರೆಜಿಲಿನ ಮರ ದೊರೆಯುವುದು ಕಷ್ಟವಾದಾಗ ಅಮೆರಿಕದ ಹೆಸರಾಂತ ಮಾರ್ಟಿನ್ ಕಂಪೆನಿ 1969ರಲ್ಲಿ ಈ ಬೀಟೆಯ ಕಡೆಗೇ ತಿರುಗಿತು. ಮೈಸೂರಿನ ಕೆತ್ತನೆಯ ಪೆಟ್ಟಿಗೆಗಳಲ್ಲಿ ಮಾತ್ರ ನಾವು ನೋಡಿ ಬಲ್ಲ ಮರ ಜಗತ್ತಿನ ವಾದಕರ ಎದೆಗೆ ಆತುಕೊಂಡಿದೆಯೆಂದರೆ ಸಂತೋಷವಲ್ಲವೆ? ಇರಲಿ, ಪ್ರಕೃತ ವಿಷಯಕ್ಕೆ ಬರೋಣ. ವಿಡಿಯೊದಲ್ಲಿ ಒಬ್ಬನು ಮರದ ಹೆಸರುಗಳನ್ನು ಹತ್ತು ನಿಮಿಷ ಕೊಂಡಾಡಿ ಒಂದು ನಿಮಿಷ ನುಡಿಸಿದರೆ, ಅವನು ಕ್ರಮವನ್ನು ತಲೆಕೆಳಗು ಮಾಡಿದ್ದಾನೆಂದೇ ನನ್ನ ಅಭಿಪ್ರಾಯ.

ಹೇಳಲೇಬೇಕಾದ ಮಾತುಗಳೂ ಕೆಲವಿವೆ. ಮುಂಭಾಗದ ಹಲಗೆ ಇಡಿಯ ಮರವೋ ಪ್ಲೈವುಡ್ಡೋ ಎಂಬುದನ್ನು ಹೇಳಬೇಕು. ಅಗ್ಗದ ಗಿಟಾರುಗಳಲ್ಲಿ ಮುಖ್ಯ ಭೇದವೆಲ್ಲ ಇಲ್ಲಿಯೇ. ತಂತಿ ಉಕ್ಕಿನದೋ ನೈಲಾನಿನದೋ, ಎಷ್ಟು ದಪ್ಪ, ಹಾಕಿ ಎಷ್ಟು ದಿನವಾಯಿತು ಎಂಬುದನ್ನೂ ಹೇಳಬೇಕು. ಹೊಸ ತಂತಿ ಬೆಳ್ಳಿಯಂತೆ ಝಣಝಣಿಸುತ್ತದೆ. ಕೆಲವು ವಾರಗಳ ಬೆವರು ಕುಡಿದ ಮೇಲೆ ಅದೇ ತಂತಿ ಮಂಕಾಗುತ್ತದೆ. ಹೊಸ ತಂತಿ ಕಟ್ಟಿದ ಸಾಧಾರಣ ವಾದ್ಯವೊಂದು ಹಳೆಯ ತಂತಿಯ ಉತ್ತಮ ವಾದ್ಯವನ್ನು ಐದು ನಿಮಿಷದ ವಿಡಿಯೊದಲ್ಲಿ ಸೋಲಿಸಿಬಿಡಬಲ್ಲದು.

ಇನ್ನು ನುಡಿಸುವ ವಿಚಾರ. ಬಹುತೇಕ ವಿಡಿಯೊಗಳು ಕೆಡುವುದು ಇಲ್ಲಿಯೇ. ನುಡಿಸುವವನು ತನ್ನ ಬೆರಳುಗಳ ವೇಗವನ್ನೆಲ್ಲ ಮೊದಲ ನಿಮಿಷದಲ್ಲಿಯೇ ಸುರಿದುಬಿಡುತ್ತಾನೆ. ನಾವು ಬೆರಗಾಗುತ್ತೇವೆ, ಬೆರಗಾದದ್ದು ಅವನಿಗೋ ಗಿಟಾರಿಗೋ ಎಂಬುದು ತಿಳಿಯುವುದಿಲ್ಲ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ನಮ್ಮ ತಂದೆಯವರೊಡನೆ ನಾನು ಹೋಗಿದ್ದುಂಟು. ದಲ್ಲಾಳಿಯು ಎತ್ತಿನ ಬಾಲ ಮುರಿದು ಓಡಿಸಿ ತೋರಿಸುತ್ತಾನೆ. ನಮ್ಮ ತಂದೆಯವರು ಅದನ್ನು ನೋಡುವುದೇ ಇಲ್ಲ. ಹಲ್ಲು ನೋಡಿ, ಸುಳಿ ನೋಡಿ, ಕೊನೆಗೆ ಹಗ್ಗ ತಾವೇ ಹಿಡಿದು ಹತ್ತು ಹೆಜ್ಜೆ ಮೆಲ್ಲನೆ ನಡೆಸುತ್ತಾರೆ. “ಓಡಿಸಿದರೆ ಕುಂಟೆತ್ತೂ ಓಡ್ತದೆ ಮಗ, ನಡೆಸಿ ನೋಡಬೇಕು” ಎಂದು ಅವರು ಒಮ್ಮೆ ಹೇಳಿದ್ದರು. ಗಿಟಾರಿಗೂ ಈ ಮಾತು ಸಲ್ಲುತ್ತದೆ. ಮೊದಲು ಆರು ತಂತಿಗಳನ್ನು ಒಂದೊಂದಾಗಿ, ಯಾವ ಮೆಟ್ಟನ್ನೂ ಒತ್ತದೆ ಮೀಟಿ, ನಾದ ತಾನಾಗಿ ಅಡಗುವವರೆಗೂ ಸುಮ್ಮನಿರಬೇಕು. ನಾದ ಎಷ್ಟು ಹೊತ್ತು ನಿಲ್ಲುತ್ತದೆ, ನಡುವೆ ನಡುಗುತ್ತದೆಯೆ, ಒಂದು ತಂತಿ ದೊಡ್ಡದಾಗಿ ಇನ್ನೊಂದು ಸಣ್ಣದಾಗಿ ನುಡಿಯುತ್ತದೆಯೆ ಎಂಬುದು ಈ ಒಂದು ನಿಮಿಷದಲ್ಲಿಯೇ ಗೊತ್ತಾಗುತ್ತದೆ. ಆಮೇಲೆ ಕಲಿಯುವವನು ಮೊದಲ ವರ್ಷ ನುಡಿಸುವ ಸರಳ ಸ್ವರಮೇಳಗಳು. ಒಮ್ಮೆ ಮೆಲ್ಲಗೆ, ಒಮ್ಮೆ ಜೋರಾಗಿ. ಒಮ್ಮೆ ಬೆರಳಿನಿಂದ, ಒಮ್ಮೆ ಮೀಟುಕಡ್ಡಿಯಿಂದ. ಒಂದು ಬೆರಳಿನಿಂದ ಆರೂ ತಂತಿಗಳನ್ನು ಅಡ್ಡಲಾಗಿ ಒತ್ತಬೇಕಾದ ಎಫ್ ಸ್ವರಮೇಳವನ್ನು ಬಿಡಲೇಬಾರದು. ಹೊಸಬರಲ್ಲಿ ಎಷ್ಟೋ ಮಂದಿ ಗಿಟಾರನ್ನು ಕೈಬಿಡುವುದು ಅಲ್ಲಿಯೇ.

ಮತ್ತೊಂದು ಪರೀಕ್ಷೆಯುಂಟು, ಇದನ್ನು ಮಾಡಿ ತೋರಿಸುವವರು ವಿರಳ. ಹನ್ನೆರಡನೆಯ ಮೆಟ್ಟು ತಂತಿಯನ್ನು ಸರಿಯಾಗಿ ಅರ್ಧ ಮಾಡುವ ಸ್ಥಳ. ಅಲ್ಲಿ ತಂತಿಯನ್ನು ಒತ್ತದೆ ಬೆರಳನ್ನು ಸೋಕಿಸಿ ಮೀಟಿದರೆ ಮೇಲಿನ ಷಡ್ಜ ಹೊರಡುತ್ತದೆ. ಅದೇ ಮೆಟ್ಟಿನಲ್ಲಿ ಒತ್ತಿ ಮೀಟಿದರೂ ಅದೇ ಸ್ವರವೇ ಬರಬೇಕು. ಎರಡಕ್ಕೂ ಅಂತರ ಕೇಳಿದರೆ, ಎಷ್ಟು ಶ್ರುತಿ ಮಾಡಿದರೂ ಆ ವಾದ್ಯ ಮೇಲಿನ ಸ್ವರಗಳಲ್ಲಿ ಅಪಸ್ವರ ನುಡಿಯುತ್ತದೆ. ವೀಣೆ ನುಡಿಸುವವರಿಗೆ ಈ ವಿಚಾರ ಹೊಸದಲ್ಲ. ಅಲ್ಲಿ ಮೆಟ್ಟುಗಳನ್ನು ಮೇಣದಲ್ಲಿ ಕೂರಿಸಿರುವುದರಿಂದ ಸರಿಪಡಿಸಿಕೊಳ್ಳಬಹುದು. ಗಿಟಾರಿನ ಲೋಹದ ಮೆಟ್ಟುಗಳು ಮರದಲ್ಲಿಯೇ ನಾಟಿಕೊಂಡಿರುತ್ತವೆ.

ಧ್ವನಿಯನ್ನು ಹಿಡಿಯುವ ವಿಷಯದಲ್ಲಿ ನಾವು ಮೂವರು ಮಿತ್ರರು ಕೆಲವು ಭಾನುವಾರಗಳನ್ನು ಕಾಲೇಜಿನ ಕೋಣೆಗಳಲ್ಲಿ ಕಳೆದೆವು. ಒಂದೇ ಗಿಟಾರು, ಒಬ್ಬನೇ ವಾದಕ, ಒಂದೇ ಮೊಬೈಲು. ಮೊಬೈಲನ್ನು ಗಿಟಾರಿನ ದುಂಡು ರಂಧ್ರದ ಎದುರಿಗೇ ಹಿಡಿದಾಗ ಮಂದ್ರದ ತಂತಿಗಳು ಗುಮ್ಮೆಂದು ಉಳಿದುದನ್ನೆಲ್ಲ ನುಂಗಿಹಾಕಿದವು. ಇದಕ್ಕೆ ಕಾರಣ ಒಡಲೊಳಗಿನ ಗಾಳಿ. ದೊಡ್ಡ ಗಿಟಾರುಗಳಲ್ಲಿ ಅದು ಸೆಕೆಂಡಿಗೆ ಸುಮಾರು ನೂರು ಕಂಪನಗಳ ಸ್ವರಕ್ಕೆ ವಿಶೇಷವಾಗಿ ಸ್ಪಂದಿಸುತ್ತದೆ. ಒಂದಡಿ ದೂರದಲ್ಲಿ, ಹನ್ನೆರಡನೆಯ ಮೆಟ್ಟಿನ ನೇರಕ್ಕೆ ಇಟ್ಟಾಗ ತಂತಿಗಳೆಲ್ಲ ಸಮವಾಗಿ ಕೇಳಿಸಿದವು. ಮೆಟ್ಟಿಲ ಬಳಿಯ ಖಾಲಿ ಹಜಾರದಲ್ಲಿ ನುಡಿಸಿದಾಗ ದೇವಾಲಯದಲ್ಲಿ ನುಡಿಸಿದಂತೆ ಬಹಳ ಇಂಪಾಗಿತ್ತು. ಆದರೆ ಅದು ಹಜಾರದ ಇಂಪು. ಅದೇ ವಾದ್ಯವನ್ನು ಕಂಬಳಿ ಹಾಸಿದ ಕೋಣೆಯಲ್ಲಿ ಕೇಳಿದಾಗ ಅದರ ನಿಜವಾದ ಸ್ವರ ಕೇಳಿತು, ಸ್ವಲ್ಪ ಒಣಗಿದ್ದರೂ ಪ್ರಾಮಾಣಿಕವಾದುದು. ವಿಡಿಯೊ ಮಾಡುವವರು ಯಂತ್ರದಿಂದ ಬೆರೆಸುವ ಪ್ರತಿಧ್ವನಿಯೂ ಈ ಹಜಾರದ ತಮ್ಮನೇ. ಕುದುರೆಯ ಕೆಳಗೆ ಹುದುಗಿಸಿದ ಪಿಕಪ್ಪಿನಿಂದ ವೈರು ಎಳೆದು ಹಿಡಿದ ಧ್ವನಿಯಂತೂ ಆ ಪಿಕಪ್ಪಿನ ಪ್ರಾತ್ಯಕ್ಷಿಕೆಯಾದೀತೇ ಹೊರತು ಗಿಟಾರಿನದಾಗದು.

ಕೇಳುವವರ ಕಡೆಯ ಮಾತೂ ಒಂದಿದೆ. ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಮೊಬೈಲಿನ ಪುಟ್ಟ ಸ್ಪೀಕರು ಅಷ್ಟು ಕೆಳಗಿನ ಸ್ವರವನ್ನು ಹೊರಡಿಸಲಾರದು. ಆದರೂ ನಮಗೆ ಆ ಸ್ವರ ಕೇಳಿದಂತೆಯೇ ತೋರುತ್ತದೆ! 165, 247 ಎಂದು ಮೇಲೆ ಮೇಲೆ ಏರುವ ಅದರ ಉಪಸ್ವರಗಳಿಂದ ನಮ್ಮ ಮಿದುಳೇ ಕೆಳಗಿನದನ್ನು ಕಲ್ಪಿಸಿಕೊಳ್ಳುತ್ತದೆ. ಹೀಗೆ ಕಲ್ಪಿಸಿಕೊಂಡ ಮಂದ್ರದ ಮೇಲೆ ವಾದ್ಯದ ಬೆಲೆ ಕಟ್ಟುವುದು ಹೇಗೆ? ಆದುದರಿಂದ ಇಯರ್‌ಫೋನಿನಲ್ಲಿ ಕೇಳಿರೆಂದು ವಿಡಿಯೊದ ಮೊದಲಿಗೇ ಹೇಳುವವನು ಕೇಳುಗರಿಗೆ ಉಪಕಾರ ಮಾಡುತ್ತಾನೆ.

ಎರಡು ಗಿಟಾರುಗಳನ್ನು ಹೋಲಿಸುವಾಗ ಟೊರೆಸನ ಕ್ರಮವೇ ಸರಿ: ಅದೇ ಕೈ, ಅದೇ ತುಣುಕು, ಅದೇ ಜಾಗ, ಅದೇ ಮೈಕು. ಇಷ್ಟಿದ್ದರೂ ಧ್ವನಿಯ ಪ್ರಮಾಣವನ್ನು ಸಮ ಮಾಡದಿದ್ದರೆ ಎಲ್ಲವೂ ವ್ಯರ್ಥ. ತುಸು ಜೋರಾಗಿರುವುದೇ ಉತ್ತಮವೆಂದು ಕಿವಿಗೆ ತೋರುತ್ತದೆ. ಧ್ವನಿ ಸಣ್ಣದಾದಷ್ಟೂ ಮಂದ್ರಸ್ವರಗಳು ನಮ್ಮ ಕಿವಿಗೆ ಹೆಚ್ಚು ನಷ್ಟವಾಗುತ್ತವೆಂದು ಫ್ಲೆಚರ್ ಮತ್ತು ಮನ್ಸನ್ ಎಂಬುವರು 1933ರಷ್ಟು ಹಿಂದೆಯೇ ತೋರಿಸಿಕೊಟ್ಟಿದ್ದಾರೆ. ನಾವೂ ಒಂದು ತಮಾಷೆ ಮಾಡಿದೆವು. ಒಂದೇ ಗಿಟಾರಿನ ಒಂದೇ ಮುದ್ರಣವನ್ನು, ಎರಡನೆಯ ಸಲ ಸ್ವಲ್ಪ ಜೋರು ಮಾಡಿ, ಎರಡು ಬೇರೆ ವಾದ್ಯಗಳೆಂದು ಹೇಳಿ ಗೆಳೆಯರಿಗೆ ಕೇಳಿಸಿದೆವು. ಎರಡನೆಯದರ ಮರ ಬಹಳ ಹಳೆಯದಿರಬೇಕೆಂದು ಒಬ್ಬನು ತಲೆದೂಗಿದನು! ಹೋಲಿಕೆಯ ತುಣುಕುಗಳು ಚಿಕ್ಕದಾಗಿ, ಒಂದರ ಬೆನ್ನಿಗೆ ಒಂದು ಬರಬೇಕೆಂಬುದೂ ಮುಖ್ಯ. ನಾದದ ಬಣ್ಣವನ್ನು ಕಿವಿ ಬೇಗ ಮರೆಯುತ್ತದೆ. ನಡುವೆ ನಾಲ್ಕು ನಿಮಿಷದ ಭಾಷಣ ಬಂದರೆ ಹೋಲಿಸುವುದಕ್ಕೆ ಉಳಿಯುವುದು ಭಾಷಣ ಮಾತ್ರ.

ಕ್ಯಾಮೆರಾದ ಕೆಲಸ ಇಷ್ಟರ ಮೇಲೆ ಸ್ವಲ್ಪವೇ. ನುಡಿಸುವವನ ಮುಖಕ್ಕಿಂತ ಎರಡು ಕೈಗಳೂ ಕಾಣುವಂತಿರಲಿ. ಒಮ್ಮೆ ಮಾತ್ರ ಬಹಳ ಹತ್ತಿರಕ್ಕೆ ಬಂದು, ಹನ್ನೆರಡನೆಯ ಮೆಟ್ಟಿನ ಪಕ್ಕದಲ್ಲಿ ಶಾಲೆಯ ಅಡಿಪಟ್ಟಿಯೊಂದನ್ನು ನಿಲ್ಲಿಸಿ ತಂತಿಯ ಎತ್ತರವನ್ನು ತೋರಿಸಬೇಕು. ಎರಡು, ಎರಡೂವರೆ ಮಿಲಿಮೀಟರು ಇದ್ದರೆ ಬೆರಳಿಗೆ ಹಿತ. ನಾಲ್ಕಕ್ಕೆ ಏರಿದರೆ ಹೊಸಬನಿಗೆ ಶಿಕ್ಷೆ. ಹತ್ತು ಸೆಕೆಂಡಿನ ಈ ಒಂದು ದೃಶ್ಯ ಆ ವಿಡಿಯೊದಲ್ಲಿದ್ದಿದ್ದರೆ ನನ್ನ ಸಹಪಾಠಿಯ ಹಣ ಉಳಿಯುತ್ತಿತ್ತು.

ಕೊನೆಯದಾಗಿ, ವಾದ್ಯವನ್ನು ಕಳುಹಿಸಿದವರು ಯಾರು, ಅದು ಉಚಿತವಾಗಿ ಬಂದುದೆ, ಮಾರಾಟವಾದರೆ ತನಗೇನಾದರೂ ಸಲ್ಲುತ್ತದೆಯೆ ಎಂಬುದನ್ನು ನುಡಿಸುವವನು ಬಾಯಿಬಿಟ್ಟು ಹೇಳಬೇಕು. ದಲ್ಲಾಳಿಯಾಗಿರುವುದು ಅಪರಾಧವಲ್ಲ, ಜಾತ್ರೆಯಲ್ಲಿ ಟವೆಲಿನ ಕೆಳಗೆ ಕೈ ಹಿಡಿಯುವವನು ದಲ್ಲಾಳಿಯೆಂದು ಎಲ್ಲರಿಗೂ ಗೊತ್ತಿರುತ್ತದೆ. ನಾನು ಮತ್ತೆ ಮತ್ತೆ ನೋಡುವ ವಿಡಿಯೊ ಒಂದಿದೆ. ಅದರಲ್ಲಿ ನಾಲ್ಕನೆಯ ತಂತಿ ಒಂದು ಮೆಟ್ಟಿನಲ್ಲಿ ಝರ್ರೆನ್ನುತ್ತದೆ. ನುಡಿಸುವಾತ ಅದನ್ನು ಕತ್ತರಿಸಿ ತೆಗೆಯದೆ, ನಿಲ್ಲಿಸಿ, ಅದೇ ಸ್ವರವನ್ನು ಮೂರು ಸಲ ಮೀಟಿ ಕೇಳಿಸಿ, ಆಮೇಲೆ ಮುಂದಕ್ಕೆ ಹೋಗುತ್ತಾನೆ.